ಎರಡು ಕಣ್ಣಿಗೆ ಒಂದು ಬೆಟ್ಟ

"ಮದುವೆ ಬೇಡ ಲೊವೀನಾ... ನನ್ನ ಮರೆತುಬಿಡು."

ಫೋಟೋ ಕಾರ್ಖಾನೆಯಲ್ಲಿ, ಅವಳ ಜೊತೆ ಚಿತ್ರ ಅಂಟಿಸುವ ಹುಡುಗಿಯರೆಲ್ಲ ಕೇಳುವಂತೆ ಎಲೈಹು ಹೇಳಿಬಿಟ್ಟ! ಬೇಸಿಗೆಯಿಡೀ ಬೆಟ್ಟಗಳಲ್ಲಿ ಫೋಟೋ ತೆಗೆಯುತ್ತಿದ್ದವನು ಇಂದಷ್ಟೇ ನ್ಯೂ ಹ್ಯಾಂಪ್‌ಶೈರ್‌ನ ಈ ಪುಟ್ಟ ಊರಿಗೆ ಮರಳಿದ್ದ. ಇವಳೋ, ಮದುವೆಗೆಂದು ಕೌದಿಯನ್ನೂ ಹೊಲಿದಿಟ್ಟಿದ್ದಳು.

"ಯಾರವಳು?"

"ಯಾರೂ ಇಲ್ಲ."

"ಮತ್ತೆ ನಾನೇನು ತಪ್ಪು ಮಾಡ್ದೆ? ಮುಖ ನೋಡಿ ಹೇಳು!"

ಅವನು ನೋಡಲಿಲ್ಲ. ಅವಳು ಆಗಷ್ಟೇ ಅಂಟಿಸಿದ್ದ ಜೋಡಿಚಿತ್ರದ ಕಾರ್ಡನ್ನು ಸ್ಟೀರಿಯೋಸ್ಕೋಪಿಗೆ ಸಿಕ್ಕಿಸಿ ಕಣ್ಣಿಗಿಟ್ಟುಕೊಂಡ. ಆ ಮರದ ಹಿಡಿಯ ಸಾಧನದಲ್ಲಿ ಎರಡು ಗಾಜು, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ಎರಡೂ ಕೂಡಿದಾಗ ಕಾಗದದಿಂದ ಬೆಟ್ಟ ಎದ್ದು ನಿಲ್ಲುತ್ತದೆ. ಕಾರ್ಡುಗಳನ್ನು ಪರೀಕ್ಷಿಸುವುದು ಅವನದೇ ಕೆಲಸ.

"ಚೆನ್ನಾಗಿದೆ," ಎಂದವನೇ ಹೊರಟುಹೋದ.

"ಹೋಗ್ಲಿ ಬಿಡೇ," ಎಂದಳು ಪಕ್ಕದ ಟ್ರಿಫೀನಾ. "ಬೆಟ್ಟದ ಹೋಟೆಲಲ್ಲಿ ಬಾಸ್ಟನ್ ಹುಡುಗೀರಿಗೇನು ಬರವೇ? ಯಾವಳೋ ರೇಷ್ಮೆ ಗೌನಿನವಳು ಗಂಟುಬಿದ್ದಿರ್ತಾಳೆ!"

ಲೊವೀನಾಳ ಎದೆಗೆ ಬೆಂಕಿ ಬಿತ್ತು. ಕಣ್ಣೊರೆಸಿಕೊಂಡು ಅದೇ ಕಾರ್ಡನ್ನು ಸ್ಟೀರಿಯೋಸ್ಕೋಪಿನಲ್ಲಿ ನೋಡಿದಳು.

ಅಯ್ಯೋ...!

ಬೆಟ್ಟ ಮುಂದೆ ಬಂದಿತ್ತು, ಅದರ ಮುಂದಿರಬೇಕಾದ ಚರ್ಚು ಹಿಂದೆ ಹಳ್ಳಕ್ಕೆ ಬಿದ್ದಿತ್ತು! ಕ್ಯಾಮೆರಾದಿಂದ ತಿರುಗುಮುರುಗಾಗಿ ಅಚ್ಚಾಗಿ ಬಂದ ಜೋಡಿಚಿತ್ರವನ್ನು ಕತ್ತರಿಸಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಅಂಟಿಸಬೇಕು. ಅವನು ಬಂದನೆಂಬ ಸಡಗರದಲ್ಲಿ ಅದಲುಬದಲು ಮಾಡುವುದನ್ನೇ ಮರೆತಿದ್ದಳು.

ಇಂಥ ಒಂದು ಕಾರ್ಡು ಸಿಕ್ಕರೂ ಹಾರಾಡುತ್ತಿದ್ದವನು ಚೆನ್ನಾಗಿದೆ ಎಂದನೇ? ಎರಡು ಕಣ್ಣಿದ್ದವನಿಗೆ ಇದು ಕಾಣದಿರಲು ಸಾಧ್ಯವೇ ಇಲ್ಲ...

ಕಾರ್ಡನ್ನು ಮೇಜಿನ ಮೇಲೆಸೆದು ಅವನ ಹಿಂದೆ ಓಡಿದಳು.

ಅಂಗಳದಲ್ಲಿ ಎಲೈಹು ಗಾಡಿಯಿಂದ ಕ್ಯಾಮೆರಾ ಇಳಿಸುತ್ತಿದ್ದ.

"ಯಾವ ಕಣ್ಣು, ಎಲೈಹು?"

ಅವನು ಗಾಡಿಯ ಚಕ್ರಕ್ಕೆ ಒರಗಿ ಕುಸಿದ. "ಎಡಗಣ್ಣು. ಫೋಟೋದ ಗಾಜಿಗೆ ಹಾಕೋ ಬೆಳ್ಳಿ ದ್ರಾವಣ ಸಿಡೀತು. ಈಗ ಬಲಗಣ್ಣಿಗೂ ಹರಡ್ತಿದೆ... ಹಿಮ ಕರಗೋದ್ರೊಳಗೆ ಪೂರ್ತಿ ಕತ್ತಲೆ ಅಂದ್ರು ಡಾಕ್ಟ್ರು."

"ವಾಸಿ ಮಾಡೋಕಾಗಲ್ವಾ?"

"ಇಲ್ಲ. ನಾನು ಕೇಳದೆ ಬಿಟ್ಟ ಡಾಕ್ಟ್ರೇ ಇಲ್ಲ."

ಲೊವೀನಾಗೆ ಅಲ್ಲೇ ಸತ್ತುಹೋಗಬೇಕೆನಿಸಿತು. ಅವನು ಬೇರೆಯವಳ ಪಾಲಾಗಿದ್ದರೂ ಚೆನ್ನಾಗಿತ್ತು, ಅವನ ಕಣ್ಣಾದರೂ ಉಳಿಯುತ್ತಿತ್ತಲ್ಲ!

"ಕುರುಡನ್ನ ಕಟ್ಕೊಂಡು ನಿನ್ನ ಬಾಳು ಯಾಕೆ ಹಾಳಾಗ್ಬೇಕು ಹೇಳು?"

"ಈಗ ತಾನೆ ಎಲ್ಲರೆದುರು ಹಾಳು ಮಾಡಿದ್ಯಲ್ಲೋ, ಮಹರಾಯ!" ಅವಳು ಬಿಕ್ಕಿದಳು. "ನಾನು ಬೇಡ್ವಾ ನಿಂಗೆ? ಅದನ್ನ ಹೇಳು ಸಾಕು."

"ನೀನಲ್ಲದೆ ನಂಗೆ ಇನ್ನೇನು ಬೇಕು...?" ಅವನು ಚಕ್ರ ಹಿಡಿದು ಎದ್ದ. "ಆದ್ರೆ ನೀನು ಎಷ್ಟು ದೂರ ನಿಂತಿದೀಯ ಅಂತಾನೂ ಸರಿಯಾಗಿ ತಿಳೀತಿಲ್ಲ, ಲೊವೀನಾ."

"ಕೈ ಚಾಚು."

ಚಾಚಿದ. ಬೆರಳುಗಳು ಗಾಳಿಯನ್ನು ತಡವಿದವು. ಅವಳು ಹತ್ತಿರ ಬಂದು, ಒದ್ದೆ ಕೆನ್ನೆಯನ್ನು ಅವನ ಅಂಗೈಗಿಟ್ಟಳು.

"ಇಷ್ಟೇ ದೂರ."