ಕೈಯಾರ ಕಟ್ಟಿದ ಉಂಡೆ

ಅವ್ವನ ಗುಂಡಿನ ಸರ ಅತ್ತಿಗೆ ಮಲ್ಲಿಗಮ್ಮನ ಪಾಲಾಗುತ್ತದಂತೆ ಎಂಬ ಮಾತು ಬೆಳಕವಾಡಿಯಿಂದ ಮಂಡ್ಯಕ್ಕೆ ಬಂದು ಮುಟ್ಟಿದ ದಿನ ಚಲುವರಾಜುವಿಗೆ ಅನ್ನ ಸೇರಲಿಲ್ಲ. ಅಣ್ಣ ಅಂಕಯ್ಯ ಊರಲ್ಲೇ ಇದ್ದು ಅವ್ವನನ್ನು ನೋಡಿಕೊಳ್ಳುತ್ತಾನೆ, ನಿಜ. ಅಂದಮಾತ್ರಕ್ಕೆ ಅಷ್ಟೂ ಚಿನ್ನ ಅವನ ಹೆಂಡತಿಯ ಕೊರಳಿಗೇ ಬೀಳಬೇಕೇ? ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಮಾಡುತ್ತ ತೌಡಿನ ಧೂಳು ಕುಡಿಯುವ ತಾನೇನು ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ? ಆ ಸರ ಕೈಗೆ ಬಂದರೆ ಮಂಡ್ಯದ ಅಂಚಿನ ಗುತ್ತಲಿನಲ್ಲಿ ಒಂದು ತುಂಡು ಜಾಗ ಹಿಡಿದು ಹೆಂಡತಿ ಮಕ್ಕಳಿಗೊಂದು ಸೂರು ಕಟ್ಟಬಹುದಿತ್ತು. ಊರಿಗೆ ಹೋಗಿ ಬಾಯಿಬಿಟ್ಟು ಕೇಳಲು ಮಾನ ಅಡ್ಡ ಬಂತು. ಕದಿಯಲು ಯಾವುದೂ ಅಡ್ಡ ಬರಲಿಲ್ಲ.

ಉಪಾಯವನ್ನು ಅವನು ಗಿರಣಿಯಲ್ಲಿ ಕೂತು ಸಾವಕಾಶವಾಗಿ ಹೊಸೆದ. ಕಬ್ಬು ಅರೆಯುವ ಕಾಲದಲ್ಲಿ ಹೇಳದೆ ಕೇಳದೆ ಹೋಗಬೇಕು. ಆಗ ಅಣ್ಣ ಅತ್ತಿಗೆ ಹಗಲೆಲ್ಲ ಗದ್ದೆಯಲ್ಲಿರುತ್ತಾರೆ. ಅವ್ವನ ಕಣ್ಣಿಗೆ ಪೊರೆ ಬಂದಿದೆ. ಸರ ಇರುವುದು ಹಳೆಬಟ್ಟೆ ತುಂಬಿದ ಗುಡಾಣದ ತಳದಲ್ಲಿ. ಅದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಗೌರಿ ಹಬ್ಬದವರೆಗೆ ಆ ಗುಡಾಣಕ್ಕೆ ಯಾರೂ ಕೈ ಹಾಕುವುದಿಲ್ಲ. ಸಾಗಿಸುವ ದಾರಿಯಂತೂ ಅವನಿಗೇ ಮೆಚ್ಚುಗೆಯಾಯಿತು. ಪಕ್ಕದ ಬೆಟ್ಟಯ್ಯನ ಆಲೆಮನೆಯಲ್ಲಿ ಬಿಸಿಬೆಲ್ಲ ಉಂಡೆ ಕಟ್ಟುವಾಗ ತಾನೂ ಒಂದು ಕಟ್ಟುವುದು, ಸರವನ್ನು ಅದರ ಹೊಟ್ಟೆಗೆ ಸೇರಿಸುವುದು. ಪೇಟೆಯಲ್ಲಿರುವ ಮಗ ಊರಿಂದ ಬೆಲ್ಲ ಕೊಂಡೊಯ್ದರೆ ಯಾರು ಕೇಳುತ್ತಾರೆ?

ಹಬ್ಬ ಬಂದಾಗ ಅನುಮಾನ ಮಲ್ಲಿಗಮ್ಮನ ಮೇಲೇ ಬೀಳುತ್ತದೆ, ಹಲಗೂರಿನ ತವರಿಗೆ ಸಾಗಿಸಿದಳೆಂದು. ಅದನ್ನು ನೆನೆದಾಗ ಎದೆ ಚುರ್ ಎನ್ನುತ್ತಿತ್ತು. ನಾನೇನು ಅವಳ ಹೆಸರು ಹೇಳುತ್ತೇನೆಯೇ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡ.

ಯುದ್ಧದ ಕಾಲದ ಇದ್ದಿಲು ಬಸ್ಸು ಮದ್ದೂರಿನಲ್ಲೊಮ್ಮೆ, ಮಳವಳ್ಳಿಯಲ್ಲೊಮ್ಮೆ ಕೆಮ್ಮಿ ನಿಂತು ಕೊನೆಗೂ ಅವನನ್ನು ಊರಿಗೆ ಮುಟ್ಟಿಸಿತು. ಅವ್ವ ಸಣ್ಣತಾಯಮ್ಮ ಜಗುಲಿಯಲ್ಲಿ ಕಾಳು ಕೇರುತ್ತಿದ್ದಳು. ದನಿ ಕೇಳಿದ್ದೇ ಮೊರ ಬಿಟ್ಟು ಎದ್ದು, ಮಗನ ಮುಖವನ್ನೆಲ್ಲ ಕೈಯಿಂದ ಸವರಿದಳು.

"ಯೋಳ್ದೆ ಕೇಳ್ದೆ ಬಂದ್ಬುಟ್ಟಲ್ಲೋ ನನ್ ಮಗ! ಇಳ್ದೋಗಿದ್ದೀಯ ಕಣ್ಲಾ. ಕುಂತ್ಕೊ, ಬೆಲ್ಲ ನೀರು ಕೊಡ್ತೀನಿ."

ಮಡಕೆಯಲ್ಲಿ ತಡಕಾಡಿ ಒಂದು ಹೆಂಟೆ ಬೆಲ್ಲ, ಒಂದು ಚೊಂಬು ನೀರು ತಂದು ಮುಂದೆ ಕೂತಳು. ಅವನು ತಿನ್ನುವ ಸದ್ದನ್ನೇ ಕೇಳಿಸಿಕೊಳ್ಳುತ್ತ ನಗುತ್ತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು, ಎಂದುಕೊಂಡ. ಎದ್ದು ಮಾತ್ರ ಹೋಗಲಿಲ್ಲ.

ಮಿಕ್ಕದ್ದು ನೀರು ಕುಡಿದಷ್ಟು ಸಲೀಸಾಯಿತು. ಮರುದಿನ ಅವ್ವ ಹಿತ್ತಿಲಲ್ಲಿ ಮೀಯುವಾಗ ಸರ ಅವನ ಸೊಂಟಕ್ಕೆ ಬಂತು. ಮಧ್ಯಾಹ್ನ ಆಲೆಮನೆಯಲ್ಲಿ ಎಲ್ಲರಿಗೂ ಬೆನ್ನು ಮಾಡಿ ಕೂತು ಉಂಡೆ ಕಟ್ಟಿದ. ಅಂಗೈ ಸುಟ್ಟು ಬೊಬ್ಬೆ ಎದ್ದಿತು. ಸೊಟ್ಟಗಾಗಿದ್ದ ಆ ಉಂಡೆಯನ್ನು ಅವ್ವ ಸವರಿ ಸವರಿ ನೋಡಿ, "ನನ್ ಮಗ ಕೈಯಾರ ಕಟ್ಟವ್ನೆ" ಎಂದು ಬೀದಿಗೆಲ್ಲ ಸಾರಿದಳು.

ಹೊರಡುವ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿದಾಗ ಅವ್ವ ತಡೆದಳು.

"ವಸಿ ನಿಲ್ಲು. ನೀ ಬಂದಿದ್ದೇ ಒಳ್ಳೇದಾಯ್ತು. ನನ್ ಸರಾನ ತಗೊಂಡೋಗಿ ಮಂಡ್ಯದ ಅಕ್ಕಸಾಲಿ ತಾವ ಎರಡು ಮಾಡ್ಸು. ಇಬ್ರು ಸೊಸೇರ್ಗೂ ಸಮವಾಗಿ. ಮಲ್ಲೀನೂ ಊಂ ಅಂದವ್ಳೆ."

ಅಂಕಯ್ಯ ತಲೆಯಾಡಿಸಿದ. ಮಲ್ಲಿಗಮ್ಮ ನಕ್ಕಳು. ತಾನಾಗಿ ಕೈಗೆ ಬರುತ್ತಿದ್ದುದನ್ನು ಚಲುವರಾಜು ಕದ್ದು ಬೆಲ್ಲದಲ್ಲಿ ಹೂತಿದ್ದ! ಬೇಡವ್ವ, ಇನ್ನೊಂದು ಸಲ ಬಂದಾಗ, ಎಂದು ಅವನು ತೊದಲುವಷ್ಟರಲ್ಲಿ ಅವಳು ಗುಡಾಣದೊಳಗೆ ಮೊಳಕೈವರೆಗೆ ಕೈ ಇಳಿಸಿದ್ದಳು.

"ಸರ ಇಲ್ಲ ಕಣ್ಲಾ ಅಂಕ" ಎಂದಳು.

ಅಂಕಯ್ಯ ಮೊದಲು ನೋಡಿದ್ದು ಹೆಂಡತಿಯ ಮುಖವನ್ನೇ. "ನನ್ ಮಕ್ಳಾಣೆಗೂ ನಾನಲ್ಲ" ಎಂದು ಅವಳು ಅಳತೊಡಗಿದಳು. ಅಂಕಯ್ಯ ಹೇಳಿಕಳಿಸಿದ್ದಕ್ಕೆ ಉರಿಬಿಸಿಲಲ್ಲಿ ಊರ ಪಟೇಲ ನಿಂಗಯ್ಯನವರು ಬಂದರು. ಮೊದಲು ಮಲ್ಲಿಗಮ್ಮನ ಪೆಟ್ಟಿಗೆಯನ್ನೇ ನೆಲಕ್ಕೆ ಬಗ್ಗಿಸಿದರು. ಅವಳ ಸೀರೆ ಕುಪ್ಪಸಗಳು ಊರವರ ಕಣ್ಣೆದುರು ಹರಡಿ ಬಿದ್ದವು. ನಾನೇ ಎಂಬ ಒಂದು ಮಾತು ಚಲುವರಾಜುವಿನ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಅದರ ಬದಲು ತನ್ನ ಚೀಲವನ್ನು ತಾನೇ ಬಿಚ್ಚಿ ಮುಂದಿಟ್ಟ. "ನಂದೂ ನೋಡ್ಬುಡಿ ಗೌಡ್ರೇ. ನಂಗೇನು ಬ್ಯಾರೆ ನ್ಯಾಯವಾ?" ಪಟೇಲರು ಪಂಚೆ ಕೊಡವಿದರು, ಅಂಗಿ ಕೊಡವಿದರು. ಉಂಡೆಯನ್ನು ಎತ್ತಿ ಬದಿಗಿಟ್ಟು, "ಬುಡಪ್ಪ, ನಿನ್ ಮ್ಯಾಲೆ ಯಾರ್ಗ್ ಅನ್ಮಾನ" ಎಂದು ನಾಚಿಕೊಂಡರು. ಗೆದ್ದಿದ್ದ.

ಪಟೇಲರು ಹೊರಡಲು ಎದ್ದರು. ಸಣ್ಣತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಿಸಿಲಲ್ಲಿ ಬಂದವ್ರೆ, ಬಾಯಾರಿಕೆಗೂ ಕೊಡ್ದೆ ಕಳಿಸದಾ? ಮಲ್ಲಿ, ಬೆಲ್ಲ ನೀರು ತಾರವ್ವ" ಎಂದಳು. ಮಲ್ಲಿಗಮ್ಮ ಬಿಕ್ಕುತ್ತಲೇ ನೀರಿನ ಚೊಂಬನ್ನು ಪಟೇಲರ ಕೈಗಿಟ್ಟು, ಬೆಲ್ಲದ ಮಡಕೆಯನ್ನು ಬೋರಲು ಹಾಕಿ ಬರಿದಾಗಿದೆ ಎಂದಳು. "ಅಯ್ಯೋ, ನಿಜ ಕಣವ್ವ, ಕೊನೇ ಹೆಂಟೇನ ಬಂದ ದಿನ ಇವನ್ಗೇ ಕೊಟ್ಬುಟ್ಟೆ. ಇರ್ಲಿ, ಇವನ್ ಉಂಡೇಲೇ ವಸಿ ಮುರಿತೀನಿ" ಎಂದಳು ಅವ್ವ. "ಬ್ಯಾಡ ಕಣವ್ವ, ಅದು ಮಕ್ಳಿಗೆ!" ಎಂದು ಅವನು ಕೂಗಿಯೇ ಬಿಟ್ಟ. ಅಂಕಯ್ಯ ತಿರುಗಿ ತಮ್ಮನನ್ನು ದಿಟ್ಟಿಸಿದ. ಬಾಗಿಲಿಗೆ ಬಂದವರಿಗೆ ಬೆಲ್ಲವಿಲ್ಲ ಎಂದವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಅವ್ವ ಆಗಲೇ ಗುಂಡುಕಲ್ಲು ಎತ್ತಿ ಕುಟ್ಟಿದ್ದಳು. ಉಂಡೆ ಎರಡು ಹೋಳಾಯಿತು. ನಡುವೆ ಒಂದು ಹೋಳಿನಿಂದ ಇನ್ನೊಂದಕ್ಕೆ ಚಿನ್ನದ ಗುಂಡುಗಳು ಸಾಲಾಗಿ ಹೊಳೆದವು. ಪಟೇಲರು ನೀರಿನ ಚೊಂಬನ್ನು ಮೆಲ್ಲಗೆ ಕೆಳಗಿಟ್ಟರು. ಮಲ್ಲಿಗಮ್ಮನ ಅಳು ನಿಂತಿತು. ಕಣ್ಣು ಕಾಣದ ಅವ್ವ ಮಾತ್ರ ಎರಡು ಹೋಳನ್ನೂ ಎರಡು ಕೈಯಲ್ಲಿ ಹಿಡಿದು ಎಳೆಯುತ್ತಲೇ ಇದ್ದಳು. "ಇದ್ಯಾಕ್ಲಾ ಚಲುವ, ಒಡುದ್ರೂ ಎರಡಾಗಾಕಿಲ್ಲ ಅಂತದೆ?"