ಗೇಣುದ್ದದ ನೂಲು

"ಹೋಗ್ಲಿಲ್ಲ! ಒಂದ್ ಚೂರೂ ಮುಂದಕ್ಕೆ ಹೋಗ್ಲಿಲ್ಲ ಕಣೇ ಗೌರಿ!"

ಅಂಜಿನಮೂರ್ತಿ ಬೆಂಚಿನ ಮೇಲೆ ಮಂಡಿಯೂರಿ ಲ್ಯಾಪ್‌ಟಾಪಿಗೆ ಮೂಗು ತಾಗಿಸಿಕೊಂಡು ಕೂಗಿದ. ಅವನ ಹಿಂದೆ ಆರನೇ ಕ್ಲಾಸಿನ ಅಷ್ಟೂ ತಲೆಗಳು ಒಂದರ ಮೇಲೊಂದು ಇಣುಕುತ್ತಿದ್ದವು. ಎಲ್ಲರಿಗಿಂತ ಹಿಂದೆ ನಿಂತಿದ್ದವಳು ಮಂಗಳಗೌರಿ. ಜ್ಯೋತಿಲಕ್ಷ್ಮಿ ಮಿಸ್ ಎರಡು ಸಲ ಮುಂದೆ ಬಾ ಅಂದರೂ ಅವಳು ಕದಲಲಿಲ್ಲ. ಕಾಣಬಾರದ್ದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತಿತ್ತು.

ವಿಡಿಯೊದಲ್ಲಿ ಇದ್ದದ್ದು ಅವಳೇ ಮಾಡಿದ ಪೆಟ್ಟಿಗೆಯ ಒಳಗು. ಒಂದು ತುದಿಯಲ್ಲಿ ನೀಲಿ ಬಣ್ಣ ಹಾಕಿದ ನೀರು ದುಂಡಗೆ ಗೋಲಿಯಂತೆ ನಿಂತಿತ್ತು. ಇನ್ನೊಂದು ತುದಿಯಲ್ಲಿ ಹತ್ತಿಯ ಮೇಲೆ ಒಂದು ಕಡಲೆಬೀಜ. ನಡುವೆ ಒಂದು ಗೇಣು ಬಿಳಿ ಉಣ್ಣೆನೂಲು. ನೀರು ಆ ನೂಲು ಹಿಡಿದುಕೊಂಡು ಬೀಜದ ತನಕ ಹೋಗಬೇಕಿತ್ತು. ಎಲ್ಲಿಗೆ ಹೋಗುತ್ತೆ! ನೂಲಿನ ತುದಿಗೆ ಅಂಟಿಕೊಂಡು ಮೂರು ನಿಮಿಷ ಸುಮ್ಮನೆ ನಡುಗಿತು. ಆಮೇಲೆ ಪೆಟ್ಟಿಗೆ ಗಡಗಡ ಅಲುಗಾಡಿ ವಿಡಿಯೊ ಮುಗಿಯಿತು.

"ಅಷ್ಟ್ ಮೇಲಕ್ಕೆ ಹೋಗಿ ಸುಮ್ಕೆ ವಾಪಸ್ ಬಂದದೆ. ನಮ್ ತಾತ ಸಿರಾ ಸಂತೆಗೆ ಹೋಗಿ ಖಾಲಿ ಚೀಲ ತಂದಂಗೆ!" ಅಂದ ಅಂಜಿನಮೂರ್ತಿ. ಎಲ್ಲರೂ ನಕ್ಕರು. ಗೌರಿಗೆ ಕಣ್ಣು ತುಂಬಿ ಬಂತು. ಅಳು ಯಾರಿಗೂ ಕಾಣಬಾರದು ಅಂತ ಶೂ ಲೇಸು ಕಟ್ಟುವವಳಂತೆ ಬಗ್ಗಿದಳು. ಪಾಪ, ಅವಳ ಕಾಲಲ್ಲಿ ಇದ್ದದ್ದು ಚಪ್ಪಲಿ.

ಬುಕ್ಕಾಪಟ್ಟಣದ ಆ ಶಾಲೆಯ ಪೆಟ್ಟಿಗೆ ರಾಕೆಟ್ ಹತ್ತಿದ್ದೇ ಒಂದು ದೊಡ್ಡ ಸಂಗತಿ. ಬೆಂಗಳೂರಿನ ಒಂದು ಕಂಪನಿಯವರು ಹೋಗಿ ಬರುವ ರಾಕೆಟ್ ಮಾಡಿದ್ದರು. ಅದು ನೂರು ಕಿಲೋಮೀಟರ್ ಮೇಲಕ್ಕೆ ಹಾರುತ್ತದೆ. ಭೂಮಿಯನ್ನೇನೂ ಸುತ್ತುವುದಿಲ್ಲ. ಸೀದಾ ಕೆಳಗಿಳಿದು, ನೆಟ್ಟಗೆ ನಿಂತು, ಕೆಲವು ದಿನಕ್ಕೆ ಮತ್ತೆ ಹೊರಡುತ್ತದೆ. ನಮ್ಮೂರ ಬಸ್ಸು ಶಿರಾಕ್ಕೆ ಹೋಗಿ ಬಂದು ಮತ್ತೆ ಹೊರಡುತ್ತದಲ್ಲ, ಹಾಗೆ. ಅದರಲ್ಲಿ ಐದು ಶಾಲೆಗಳ ಪೆಟ್ಟಿಗೆಗಳಿಗೆ ಜಾಗ ಕೊಟ್ಟಿದ್ದರು.

"ಅಲ್ಲಿ ಮೂರು ನಿಮಿಷ ಯಾವುದಕ್ಕೂ ಭಾರ ಗೊತ್ತಾಗಲ್ಲ," ಅಂತ ಮಿಸ್ ಹೇಳಿಕೊಟ್ಟಿದ್ದರು. "ಬಸ್ಸಿನ ಹಿಂದಿನ ಸೀಟಲ್ಲಿ ಕೂತಾಗ ಹಂಪ್ ಬಂದ್ರೆ ಏನಾಗುತ್ತೆ?"

"ಹೊಟ್ಟೆ ಜುಮ್ ಅಂತದೆ ಮಿಸ್!"

"ಆ ಜುಮ್ ಇದ್ಯಲ್ಲ, ಅದು ಮೂರು ನಿಮಿಷ ಇರುತ್ತೆ ಅಂದ್ಕೊಳ್ಳಿ. ರಾಕೆಟ್ಟು, ಪೆಟ್ಟಿಗೆ, ನೀರು ಎಲ್ಲ ಜೊತೇಲೇ ಬೀಳ್ತಿರುತ್ತವೆ."

ಹಾಗಾದರೆ ಅಲ್ಲಿ ಗಿಡಕ್ಕೆ ನೀರು ಹಾಕುವುದು ಹೇಗೆ? ಸುರಿದರೆ ಕೆಳಗೆ ಬೀಳುವುದೇ ಇಲ್ಲವಲ್ಲ! ಆಗ ಗೌರಿಗೆ ಹೊಳೆದದ್ದು ಅಜ್ಜಿಯ ನೂಲು. ಅವರ ಮನೆಯಲ್ಲಿ ಕುರಿ ಇದ್ದವು. ಭೀಮಕ್ಕಜ್ಜಿ ಉಣ್ಣೆ ನೂತು ಕಂಬಳಿಗೆ ಕೊಡುತ್ತಿದ್ದಳು. ಅಜ್ಜಿಯ ಬುಟ್ಟಿಯಲ್ಲಿ ಬಿದ್ದಿದ್ದ ಒಂದು ತುಂಡು ನೂಲನ್ನು ಚೊಂಬಿನ ನೀರಿಗೆ ಇಳಿಬಿಟ್ಟು ನೋಡಿದಾಗ ನೀರು ತಾನಾಗಿ ನಾಲ್ಕು ಬೆರಳು ಮೇಲೇರಿತ್ತು. ಭಾರವೇ ಇಲ್ಲದ ಕಡೆ ಒಂದು ಗೇಣು ಹೋಗಲಾರದೇ? ಅದೇ ಪ್ರಶ್ನೆ ಮಿಸ್‌ಗೆ ಹಿಡಿಸಿತ್ತು, ಕಂಪನಿಯವರಿಗೂ ಹಿಡಿಸಿತ್ತು.

ಈಗ ನೋಡಿದರೆ ಹೀಗೆ!

ಮಕ್ಕಳೆಲ್ಲ ಊಟಕ್ಕೆ ಓಡಿದ ಮೇಲೆ ಮಿಸ್ ಅವಳನ್ನು ಹತ್ತಿರ ಕರೆದರು. "ಗೌರಿ, ಅದೇ ರಾಕೆಟ್ ಇಪ್ಪತ್ತು ದಿನಕ್ಕೆ ಇನ್ನೊಂದು ಸಲ ಹೋಗುತ್ತಂತೆ. ಒಂದು ಜಾಗ ಖಾಲಿ ಇದೆ. ಯಾಕೆ ಆಗ್ಲಿಲ್ಲ ಅಂತ ಕಂಡುಹಿಡಿದು, ಈ ಫಾರಂನಲ್ಲಿ ಬರೆದು, ಸೋಮವಾರದೊಳಗೆ ಪೆಟ್ಟಿಗೆ ಕಳಿಸಬೇಕು. ಇಲ್ಲದಿದ್ದರೆ ಬೇರೆ ಶಾಲೆಗೆ ಕೊಡ್ತಾರೆ."

ಅವತ್ತು ಗುರುವಾರ.

ಸಾಯಂಕಾಲ ಗೌರಿ ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕೂತು ನೂಲುತ್ತಿದ್ದಳು. ಗೌರಿ ಚೀಲವನ್ನೂ ಇಳಿಸಲಿಲ್ಲ.

"ಅಜ್ಜಿ, ರಾಕೆಟ್‌ಗೆ ಅಂತ ಕೊಟ್ಟಲ್ಲ, ಆ ನೂಲಿಗೆ ಏನ್ ಮಾಡಿದ್ದೆ?"

ಅಜ್ಜಿಯ ಮುಖ ಅರಳಿತು. "ಏನ್ ಮಾಡಿದ್ನಾ? ಬಿಗಿಯಾಗಿ ನೂತು, ಹುಣಸೆಬೀಜದ ಗಂಜಿ ಮಾಡಿ ಎಲ್ಡ್ ಸಲ ತಿಕ್ಕಿ ಬಿಸ್ಲಿಗೆ ಹಾಕಿದ್ದೆ ಕಣಮ್ಮ. ಆಕಾಸ್ಕೆ ಹೋಗೋ ನೂಲು ಅಂದ್ರೆ ಹುಡುಗಾಟ್ವಾ? ಹಗಲೂ ರಾತ್ರಿ ಮಳೆ ಹುಯ್ದ್ರೂ ಅದು ಒಂದ್ ಹನಿ ನೀರು ಕುಡಿಯಾಕಿಲ್ಲ!"

"ನೀರು ಕುಡೀಲಿ ಅಂತಾನೇ ಕಳ್ಸಿದ್ದು ಅಜ್ಜಿ ಅದನ್ನ!" ಗೌರಿ ಕಿರುಚಿಬಿಟ್ಟಳು. "ಎಲ್ಲ ನಿನ್ನಿಂದ್ಲೇ ಹಾಳಾಯ್ತು! ಕ್ಲಾಸೆಲ್ಲ ನಕ್ತು!"

ಅಜ್ಜಿಯ ಕೈ ನಿಂತಿತು.

"ನೀನ್ ಏನಂದೆ ನೆಪ್ಪು ಮಾಡ್ಕ," ಅಂದಳು ಮೆಲ್ಲಗೆ. "'ಅಜ್ಜಿ, ಒಂದ್ ಗೇಣು ನೂಲು ಬೇಕು, ಗಟ್ಟಿಯಾಗಿರ್ಲಿ, ಬೇಗ ಕೊಡು' ಅಂದೆ. ಓಡೋದೆ. ಇನ್ನೇನಾದ್ರೂ ಅಂದಿದ್ಯಾ?"

ಅಂದಿರಲಿಲ್ಲ.

ಗೌರಿ ಒಳಗೆ ಹೋಗಿ ಫಾರಂ ತೆಗೆದಳು. 'ತಪ್ಪು ಏನು?' ಅಂತ ಒಂದು ಸಾಲಿತ್ತು. 'ಅಜ್ಜಿ ಗಂಜಿ ಹಚ್ಚಿದ್ದು' ಅಂತ ಪೆನ್ಸಿಲಿನಲ್ಲಿ ಬರೆದಳು. ಬರೆದದ್ದು ಸುಳ್ಳೇನಲ್ಲ. ಆದರೂ ಅಜ್ಜಿ ಆ ನೂಲನ್ನು ವೀಳ್ಯದೆಲೆಯಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು ಕೊಟ್ಟದ್ದು ನೆನಪಾಯಿತು. ರಬ್ಬರ್ ತೆಗೆದುಕೊಂಡು ಕಾಗದ ಹರಿಯುವಷ್ಟು ಉಜ್ಜಿದಳು.

ಬೆಳಗ್ಗೆ ಎದ್ದವಳೇ ಅಜ್ಜಿಯ ಮುಂದೆ ಚೊಂಬು, ಕಡಲೆಬೀಜ, ಹತ್ತಿ ಎಲ್ಲ ತಂದಿಟ್ಟು ಕೂತಳು. ಮೇಲೆ ಹೋದರೆ ನೀರು ಹೇಗೆ ದುಂಡಗಾಗುತ್ತೆ, ಬೀಜಕ್ಕೆ ಯಾಕೆ ತಲುಪಲ್ಲ, ನೂಲು ಅದಕ್ಕೆ ಹೇಗೆ ದಾರಿ ಆಗಬೇಕು, ಒಂದೊಂದನ್ನೂ ತೋರಿಸಿ ಹೇಳಿದಳು. ಬಸ್ಸಿನ ಹಂಪಿನ ಕತೆಯನ್ನೂ ಬಿಡಲಿಲ್ಲ.

ಅಜ್ಜಿ ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಎಲೆಯಡಿಕೆ ಕೈಯಲ್ಲೇ ಉಳಿಯಿತು. "ಅಯ್ಯೋ ನನ್ ಕಂದ! ಇದನ್ನ ಅವತ್ತೇ ಯೋಳ್ಬಾರ್ದಿತ್ತಾ? ನಾನು ಕಂಬಳಿ ನೂಲಲ್ವಾ ಕೊಟ್ಟಿರೋದು! ಇದಕ್ಕೆ ಬೇಕಾಗಿರೋದೇ ಬ್ಯಾರೆ."

ಆಮೇಲೆ ಅಜ್ಜಿಯನ್ನು ಹಿಡಿಯುವವರೇ ಇಲ್ಲ. ಎಳೇ ಕುರಿಮರಿಯ ಉಣ್ಣೆ ಆರಿಸಿದಳು. ಜಿಡ್ಡು ಇದ್ದರೂ ನೀರು ಹತ್ತುವುದಿಲ್ಲ ಅಂತ ಅಂಟುವಾಳದ ನೊರೆಯಲ್ಲಿ ಮೂರು ಸಲ ತೊಳೆದಳು. ಒಣಗಿದ ಮೇಲೆ ಸಡಿಲವಾಗಿ, ಉಸಿರು ಬಿಗಿಹಿಡಿದು ನೂತಳು. ಗಂಜಿಯ ಮಡಕೆಯನ್ನು ಮಾತ್ರ ಅಟ್ಟಕ್ಕೇ ಏರಿಸಿಬಿಟ್ಟಳು.

ಈ ಸಲ ಗೌರಿ ಒಂದೇ ನೂಲನ್ನು ಎರಡು ತುಂಡು ಮಾಡಿದಳು. ಒಂದು ಪೆಟ್ಟಿಗೆಗೆ, ಒಂದು ಚೊಂಬಿಗೆ. ಚೊಂಬಿನ ನೀರು ಸರಸರ ಏರಿತು. ಒಂದು ಬೆರಳು, ಎರಡು, ಮೂರು, ನಾಲ್ಕು. ನಿಂತಿತು.

"ಯಾಕ್ ನಿಂತ್ಬುಡ್ತು?" ಅಂದಳು ಅಜ್ಜಿ ಗಾಬರಿಯಿಂದ.

"ಇಲ್ಲಿ ನೀರಿಗೆ ಭಾರ ಐತಲ್ಲ ಅಜ್ಜಿ, ಅದಕ್ಕೆ. ಮೇಲಕ್ಕೆ ಹೋದ್ರೆ ನೋಡು!" ಅಂದಳು ಗೌರಿ. ಅಂದವಳೇ ನೀರು ನಿಂತ ಕಡೆಯನ್ನು ಇನ್ನೊಮ್ಮೆ ಬೆರಳಿಟ್ಟು ಅಳೆದಳು.

ಫಾರಂನಲ್ಲಿ ಪೆನ್ನಿನಲ್ಲೇ ಬರೆದಳು: 'ನೂಲು ಚೆನ್ನಾಗಿತ್ತು. ಅದರ ಕೆಲಸ ಏನು ಅಂತ ನಾನು ಅಜ್ಜಿಗೆ ಹೇಳಿರಲಿಲ್ಲ. ಮನೆಯಲ್ಲಿ ಪರೀಕ್ಷೆ ಮಾಡಿದ್ದು ಗಂಜಿ ಇಲ್ಲದ ಒಂದು ನೂಲು, ಕಳಿಸಿದ್ದು ಇನ್ನೊಂದು.'

ಓದಿದ ಮಿಸ್ ಏನೂ ತಿದ್ದಲಿಲ್ಲ. ಸೋಮವಾರ ಪೆಟ್ಟಿಗೆ ಹೊರಟಿತು.

ಎರಡನೇ ವಿಡಿಯೊ ಬಂದ ದಿನ ಭೀಮಕ್ಕಜ್ಜಿ ಶಾಲೆಗೆ ಬಂದಳು. ಹೊಸ ಸೀರೆ, ಹಣೆ ತುಂಬ ಕುಂಕುಮ. ಅಂಜಿನಮೂರ್ತಿಯನ್ನು "ಅತ್ಲಾಗ್ ಸರ್ಕಳ್ಲಾ" ಅಂತ ಪಕ್ಕಕ್ಕೆ ತಳ್ಳಿ ಮುಂದಿನ ಬೆಂಚಿನಲ್ಲೇ ಕೂತಳು. ಗೌರಿ ಈ ಸಲ ಹಿಂದೆ ನಿಲ್ಲಲಿಲ್ಲ. ಅಜ್ಜಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

ರಾಕೆಟ್ಟಿನ ಸದ್ದು ನಿಂತಿತು. ಪೆಟ್ಟಿಗೆಯೊಳಗೆ ನೀಲಿ ನೀರು ದುಂಡಗಾಯಿತು. ನೂಲಿನ ತುದಿಗೆ ತಾಗಿತು.

ಬಿಳಿ ನೂಲು ನೀಲಿಯಾಗತೊಡಗಿತು.

"ಒಂದ್ ಬೆಳ್ಳು!" ಅಂದಳು ಅಜ್ಜಿ. "ಎಲ್ಡು... ಮೂರು..." ಚೊಂಬಿನಲ್ಲಿ ನಿಂತಿದ್ದ ನಾಲ್ಕಕ್ಕೂ ಬಂತು. ನೀಲಿ ನಿಲ್ಲಲೇ ಇಲ್ಲ. "ಐದು!" ಅಂತ ಕಿರುಚಿದವನು ಅಂಜಿನಮೂರ್ತಿ. ಆರು, ಏಳು, ಎಂಟು! ಇಡೀ ಕ್ಲಾಸು ಎಣಿಸುತ್ತಿತ್ತು. ಎರಡು ನಿಮಿಷ ಆಗುವಷ್ಟರಲ್ಲಿ ನೀರು ಗೇಣು ಪೂರ್ತಿ ದಾಟಿ, ಹತ್ತಿಯ ತುಂಬ ಹರಡಿ, ಕಡಲೆಬೀಜವನ್ನು ಮುಟ್ಟಿತು.

ಎಂಥ ಗಲಾಟೆ ಅಂತೀರಿ! ಬೆಂಚು ಕುಟ್ಟಿದರು, ವಿಸಿಲ್ ಹೊಡೆದರು. ಅಂಜಿನಮೂರ್ತಿ ಅಜ್ಜಿಯ ಕೈ ಹಿಡಿದು ಕುಣಿದೇ ಕುಣಿದ. ಪಕ್ಕದ ಕ್ಲಾಸಿನವರು ಏನೋ ಆಗಬಾರದ್ದು ಆಯಿತೇನೋ ಅಂತ ಓಡಿಬಂದರು. ಗೌರಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಈ ಸಲ ಯಾರಿಂದಲೂ ಮುಖ ಮುಚ್ಚಿಕೊಳ್ಳಲಿಲ್ಲ.

"ಇನ್ನೊಂದ್ ಸಲ ಹಾಕವ್ವ," ಅಂದಳು ಅಜ್ಜಿ. ಮಿಸ್ ನಾಲ್ಕು ಸಲ ಹಾಕಿದರು.

"ಅವರು ಒಂದು ಮೆಸೇಜ್ ಕಳಿಸಿದ್ದಾರೆ," ಅಂದರು ಮಿಸ್ ಕೊನೆಗೆ. "ರಾಕೆಟ್ ಮೂರನೇ ಸಲವೂ ಹೋಗುತ್ತೆ. ಈ ಸಲ ಒಂದು ಮೊಳದುದ್ದ ನೂಲು ಆಗುತ್ತಾ ಅಂತ ಕೇಳಿದ್ದಾರೆ."

ಅಜ್ಜಿ ಕುರಿ ಹೊಡೆದುಕೊಂಡು ಬರಲು ಹೊತ್ತಾಯಿತು ಅಂತ ಆಗಲೇ ಎದ್ದಿದ್ದಳು. ಗೌರಿ ಅವಳ ಸೆರಗು ಹಿಡಿದಳು.

"ಅಜ್ಜಿ, ಒಂದ್ ಮೊಳ ನೂಲು ಬೇಕು."

"ಗಟ್ಟಿಯಾಗಿರ್ಬೇಕಾ?" ಅಂದಳು ಅಜ್ಜಿ, ತುಟಿಯಂಚಿನಲ್ಲಿ ನಗುತ್ತ.

ಗೌರಿ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು.

"ಕುತ್ಕ ಅಜ್ಜಿ. ಯಾತಕ್ಕೆ ಅಂತ ಮೊದ್ಲು ಯೋಳ್ತೀನಿ."