ಗ್ವಾಡಿ ಮ್ಯಾಲಿಂದ ಬಂದಾಂವ

"ನಿಲ್ರೀ! ನನ್ನ ಗ್ವಾಡಿ ಮ್ಯಾಲಿಂದ ಗಾಡಿ ಹಾಯ್ಸಿದ್ರಲ್ಲ!"

ಉಜ್ವಲಾ ಚೀರಿದ ರಭಸಕ್ಕೆ ಬೈಕು ಗಕ್ಕನೆ ನಿಂತಿತು. ಸವಾರ ಹಿಂದೆ ನೋಡಿದ, ಮುಂದೆ ನೋಡಿದ. ಕಾಗವಾಡದ ಕಡೆಯ ಆ ಕೃಷ್ಣಾ ದಂಡೆಯಲ್ಲಿ ಗೋಡೆಯಿರಲಿ, ಒಂದು ಇಟ್ಟಂಗಿಯೂ ಇರಲಿಲ್ಲ.

"ಎಲ್ಲೈತ್ರಿ ಗ್ವಾಡಿ?"

"ನಿಮ್ಮ ಗಾಲಿ ಕೆಳಗ!"

ನೆಲದ ಮೇಲೆ ಸುಣ್ಣದ ಪುಡಿಯ ಬಿಳಿ ಗೆರೆ. ಚಿಕ್ಕೋಡಿಯ ಉಜ್ವಲಾಗೆ ಆರ್ಕಿಟೆಕ್ಟ್ ಆದ ಮೇಲೆ ಸಿಕ್ಕ ಮೊದಲ ಕೆಲಸವಿದು. ಹೊಳೆಗೆ ಉಡಿ ತುಂಬಲು ಬರುವ ಹೆಣ್ಣುಮಕ್ಕಳು ಕೂತು ಬುತ್ತಿ ಉಣ್ಣಲೊಂದು ಮನೆ. ಜಾಗ, ಖರ್ಚು ಎರಡೂ ರುಕ್ಮವ್ವನದು. ಕಾಗದದ ನಕ್ಷೆ ಆ ಮುದುಕಿಗೆ ತಿಳಿಯದು. ಅದಕ್ಕೇ ಈಕೆ ಇಡೀ ಮನೆಯನ್ನೇ ನೆಲದ ಮೇಲೆ ಬರೆದಿದ್ದಳು. ಮುಂದಿನ ವಾರ ರುಕ್ಮವ್ವ ಬಂದು ಒಪ್ಪಿದರೆ ಸರಿ, ಇಲ್ಲವಾದರೆ ಮೊದಲ ಮನೆ ಹೊಳೆಪಾಲು!

"ನಾ ಸಿದ್ದಲಿಂಗ. ರುಕ್ಮವ್ವನ ಮೊಮ್ಮಗ, ಇಂಜಿನಿಯರ್. ನಿಮ್ಮ ಗ್ವಾಡಿ ಕಟ್ಟಾಂವ ನಾನ!" ಎಂದು ನಕ್ಕ.

'ಅಯ್ಯ ಶಿವನ... ಇಂವನ ಜೋಡಿ ಕೆಲಸಾ?' ಸಿಟ್ಟೇನೋ ಬಂತು. ಆದರೆ ಆ ನಗುವಿನ ಮುಂದೆ ನಿಲ್ಲಲಿಲ್ಲ, ಅದೊಂದು ತೊಂದರೆ.

"ಹೊಳಿ ಕಡೆ ಗ್ವಾಡಿನ ಇಲ್ಲಲ್ರಿ?"

"ಅಲ್ಲಿ ಬರೇ ಕಂಬ. ಮಹಾಪೂರ ಬಂದ್ರ ನೀರು ನಡುವ ಹಾದು ಹೋಗ್ತೈತಿ."

"ಬ್ಯಾಡ್ರಿ, ಕಲ್ಲಿನ ಗ್ವಾಡಿ ಬೇಕು. ಛಲೋ ಕಟ್ಟಡ ಅಂದ್ರ ಗಟ್ಟಿ ನಿಲ್ಲಬೇಕು."

"ಗಟ್ಟಿ ನಿಲ್ಲಬೇಕು, ಬಳಕಿಗೆ ಬರಬೇಕು, ಒಳಗ ಕುಂತವರಿಗೆ ಏಳಾಕ ಮನಸ್ಸಾಗಬಾರ್ದು. ಮೂರೂ ಬೇಕು!"

"ಮೂರನೇದು ಎಸ್ಟಿಮೇಟಿನ್ಯಾಗ ಎಲ್ಲಿ ಬರೀಲ್ರಿ?"

ಅಂದವನೇ ಸುಣ್ಣದ ಚೀಲ ಎತ್ತಿ ಹೊಳೆಯ ಕಡೆ ದಪ್ಪ ಗೋಡೆ ಎಳೆದ. ಸಂಜೆ ಈಕೆ ಅಳಿಸಿದಳು. ಬೆಳಿಗ್ಗೆ ಆತ ಮತ್ತೆ ಎಳೆದ. ವಾರವೆಲ್ಲ ಇದೇ ಜಗಳ! ನಡುವೆ ಒಂದು ದಿನ ತಮ್ಮ ತೋಟದ ದ್ರಾಕ್ಷಿ ತಂದುಕೊಟ್ಟ. ಈಕೆ ಕರಗಿದಳು ಅನ್ನುವಷ್ಟರಲ್ಲಿ, ದ್ರಾಕ್ಷಿ ತಿನ್ನುತ್ತ ಗೋಡೆ ಎಳೆದ ಪುಣ್ಯಾತ್ಮ.

ರುಕ್ಮವ್ವ ಬರುವ ದಿನ ಬಂತು. ಬೆಳಿಗ್ಗೆ ಆತ ಎಳೆದ ಗೋಡೆ ಇನ್ನೂ ಅಳಿಸಿರಲಿಲ್ಲ. ಮುದುಕಿಯ ಹಿಂದೆಯೇ ಸಿದ್ದಲಿಂಗ ಟ್ರ್ಯಾಕ್ಟರ್ ತುಂಬ ಹೆಂಗಸರನ್ನು ಕರೆತಂದ. ಉಜ್ವಲಾಳ ಕಣ್ಣು ತುಂಬಿದವು.

"ನನ್ನ ನೋಡಿ ನಗಾಕ ಊರೆಲ್ಲ ಕರ್ಕೊಂಡ ಬಂದ್ರ್ಯಾ?"

ಆತ ಬಾಯಿ ತೆರೆಯುವಷ್ಟರಲ್ಲಿ ರುಕ್ಮವ್ವ ಕೂಗಿದಳು. "ಬಾಗಲಾ ಎಲ್ಲೈತಿ ಯವ್ವಾ?"

ಉಜ್ವಲಾ ತೋರಿಸಿದಳು. ಮುದುಕಿ ಚಪ್ಪಲಿ ಹೊರಗೆ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದಳು! ಆಕೆಯ ಪಕ್ಕದ ಮನೆಯ ಸುಂದರಾ ಮಾತ್ರ ಬುತ್ತಿ ಹೊತ್ತು ಗೆರೆ ದಾಟಿ ನೇರ ನಡೆದಳು. ರುಕ್ಮವ್ವ ಗದರಿದಳು.

"ಗ್ವಾಡ್ಯಾಗಿಂದ ಬರ್ತಿಯಲ್ಲ, ದೆವ್ವ ಏನಬೇ ನೀ? ಬಾಗಲದಿಂದ ಬಾ!"

ಸುಂದರಾ ಬೆದರಿ ಸುತ್ತುಹಾಕಿ ಬಂದಳು. ಆಮೇಲೆ ಯಾರೂ ಸುಣ್ಣ ತುಳಿಯಲಿಲ್ಲ. ಬುತ್ತಿ ಬಿಚ್ಚಿದರು. ರುಕ್ಮವ್ವ ಮಾತ್ರ ರೊಟ್ಟಿ ಹಿಡಿದು ಕತ್ತು ಉದ್ದ ಮಾಡಿದಳು.

"ಹೊಳಿ ಕಾಣವಲ್ದು."

"ಆಯಿ, ಅದು ಬರೇ ಸುಣ್ಣ!" ಎಂದ ಸಿದ್ದಲಿಂಗ.

"ನಾಳೆ ಕಲ್ಲಾಗ್ತೈತಲ್ಲ? ಹೊಳಿಗೆ ಉಡಿ ತುಂಬಿ, ಗ್ವಾಡಿ ನೋಡ್ಕೋತ ಉಣ್ಣಲೇನ? ಯಾವ ಶ್ಯಾಣ್ಯಾ ಹಾಕ್ಯಾನ ಇದನ್ನ?"

ಉಜ್ವಲಾ ಸುಣ್ಣದ ಗೆರೆಗಳನ್ನೆಲ್ಲ ಒಮ್ಮೆ ನೋಡಿದಳು. ಮುಗಿಯಿತು, ಮನೆ ಹೋಯಿತು...

"ನಾನ ಆಯಿ. ಇವರು ಕಂಬ ಸಾಕು ಅಂದಿದ್ರು. ಲೆಕ್ಕಾ ಹಾಕಿ ನೋಡೀನಿ, ಇವರ ಮಾತ ಖರೆ."

ಅಷ್ಟೂ ಹೆಂಗಸರ ಮುಂದೆ ತನ್ನ ಗೋಡೆಯನ್ನು ತಾನೇ ಕಾಲಿನಿಂದ ಉಜ್ಜಿ ಅಳಿಸಿದ.

"ಈಗ ಕಾಣತೈತಿ ನೋಡ!" ರುಕ್ಮವ್ವನ ಮುಖ ಅರಳಿತು. ಊಟ ಮುಗಿಯಿತು, ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಒಬ್ಬರೂ ಏಳಲಿಲ್ಲ. ರುಕ್ಮವ್ವನೇ ಅಂದಳು, "ಇನ್ನ ಜರಾ ಕುಂದ್ರೂಣು... ಹಿಂಗ ಕಟ್ಟವಾ ತಂಗಿ, ಹಿಂಗ ಕಟ್ಟ."

ಉಜ್ವಲಾ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ.

ಕೊನೆಗೂ ಹೆಂಗಸರು ಕೈ ತೊಳೆಯಲು ಹೊಳೆಗಿಳಿದರು. ಸಿದ್ದಲಿಂಗ ಸುಣ್ಣದ ಬಾಗಿಲಾಚೆ ನಿಂತಿದ್ದ.

"ನಗಾಕ ಕರ್ಕೊಂಡ ಬಂದಿಲ್ರಿ. ಮಂದಿ ಕುಂತ್ರನ ಆಯಿಗೆ ಅದು ಮನಿ ಅನಸ್ತೈತಿ. ನಿಮ್ಮ ಕೆಲಸ ಉಳೀಲಿ ಅಂತ..."

"ಮತ್ತ ಹೊರಗ್ಯಾಕ ನಿಂತ್ರಿ?"

"ಮೊದಲನೇ ದಿನ ಗ್ವಾಡಿ ಮ್ಯಾಲಿಂದ ಬಂದು ಬೈಸ್ಕೊಂಡೀನಿ. ಇವತ್ತ ಬಾಗಲದಾಗ ನಿಂತು ಕೇಳಾಕತ್ತೀನಿ... ನೀವು ನನ್ನ ಮನಸ್ಸಿನ್ಯಾಗ ಕುಂತೀರಿ. ಒಳಗ ಬರ್ಲ್ಯಾ? ಬಂದ್ರ ಮತ್ತ ಏಳಾಂವಲ್ಲ."

ಅವಳ ಕೆನ್ನೆ ಕೆಂಪಾದವು. "ಆ ಮೂರನೇದು... ಎಸ್ಟಿಮೇಟಿನ್ಯಾಗ ಎಲ್ಲಿ ಬರದ್ರಿ?"

"ನಿಮ್ಮ ಹೆಸರಿನ ಮುಂದ."

ಉಜ್ವಲಾ ಸರಿದು ದಾರಿ ಬಿಟ್ಟಳು.

"ಚಪ್ಪಲಿ ಹೊರಗ ಬಿಟ್ಟ ಬರ್ರಿ."